ಒಂದು ತಾಟು ಹೆಚ್ಚಿಗೆ

ಮೊನ್ನೆ ಭಾನುವಾರ ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಓದುವ ಬಳಗ ಸೇರಿತ್ತು. ಏಳೇ ಜನ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಗಿರ್ಮಿಟ್ಟು, ಚಹಾ. ವರ್ಷವಿಡೀ ಕಾದಿದ್ದ ದೆವ್ವದ ಕಾದಂಬರಿಯ ಮೂರನೇ ಭಾಗ ಎಲ್ಲರೂ ಓದಿ ಬಂದಿದ್ದೆವು. ಪುಸ್ತಕದ ಹೆಸರು ಹೇಳಲ್ಲ. ನಿಮ್ಮಲ್ಲಿ ಕೆಲವರು ಇನ್ನೂ ಮೊದಲ ಭಾಗ ಹಿಡಿದಿರಬಹುದು, ಅವರ ಓದು ಕೆಡಬಾರದು.

ಮೊದಲ ಭಾಗ ನನ್ನನ್ನು ಹಿಡಿದದ್ದು ಒಂದು ತಾಟಿನಿಂದ. ಹಳೇ ವಾಡೆ. ಅತ್ತೆ ದಿನಾ ರಾತ್ರಿ ಒಂದು ತಾಟು ಹೆಚ್ಚಿಗೆ ಹಾಕುತ್ತಾಳೆ. ಎರಡು ರೊಟ್ಟಿ, ಪಲ್ಯ, ಅಂಚಿಗೆ ಶೇಂಗಾ ಚಟ್ನಿ. ಯಾರಿಗೆ ಅಂತ ಮನೆಯಲ್ಲಿ ಯಾರೂ ಕೇಳಲ್ಲ. ಹೊಸದಾಗಿ ಬಂದ ಸೊಸೆಗೂ ಕೇಳುವ ಧೈರ್ಯವಿಲ್ಲ. ಬೆಳಿಗ್ಗೆ ನೋಡಿದರೆ ತಾಟು ತೊಳೆದು ಬೋರಲು ಹಾಕಿರುತ್ತದೆ. ಅದರ ಬೆನ್ನ ಮೇಲಿನ ನೀರು ಇನ್ನೂ ಆರಿರುವುದಿಲ್ಲ. ಅಷ್ಟೇ! ಆ ರಾತ್ರಿ ನಾನು ಎದ್ದು ಹೋಗಿ ನಮ್ಮನೆ ಅಡುಗೆಮನೆಯ ತಾಟುಗಳನ್ನು ಎಣಿಸಿದ್ದೆ.

ಮೂರನೇ ಭಾಗದಲ್ಲಿ ಒಬ್ಬ ಸ್ವಾಮಿ ಬರುತ್ತಾನೆ. ಹನ್ನೆರಡು ಪುಟ ಕೂತು ಎಲ್ಲ ಬಿಡಿಸಿ ಹೇಳುತ್ತಾನೆ. ಸತ್ತವಳು ಯಾರು, ಯಾವ ಬಾವಿ, ಯಾವ ಅಮವಾಸ್ಯೆ, ಎಲ್ಲ. ನನಗೆ ತುಂಬಾ ಬೇಜಾರಾಯಿತು. ಇದನ್ನೇ ಬಳಗದಲ್ಲಿ ಹೇಳಿದೆ.

ಹುಬ್ಬಳ್ಳಿಯಿಂದ ಬರುವ ಹುಡುಗ ಒಪ್ಪಲಿಲ್ಲ. "ಮೂರು ಪುಸ್ತಕ ಓದಿದ ಮ್ಯಾಲೂ ಯಾರು ಅಂತ ಹೇಳ್ಲಿಲ್ಲಂದ್ರ ಅದು ಮೋಸ ಅಲ್ಲೇನ್ರಿ ಅಕ್ಕಾ?" ಅಂದ. ಅವನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ದುಡ್ಡು ಕೊಟ್ಟು, ವರ್ಷಗಟ್ಟಲೆ ಕಾದು ಓದುವವನಿಗೆ ಉತ್ತರ ಕೇಳುವ ಹಕ್ಕಿದೆ. ಆದರೆ ಬೇತಾಳನ ಕಥೆ ನೆನಪು ಮಾಡಿಕೊಳ್ಳಿ. ಇಪ್ಪತ್ತೈದು ಕಥೆಗಳ ಸರಣಿ ಅದು. ಒಂದೊಂದು ಕಥೆಯೂ ಅಲ್ಲಲ್ಲೇ ಮುಗಿಯುತ್ತದೆ, ಕೊನೆಗೊಂದು ಪ್ರಶ್ನೆ. ರಾಜ ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ. ಇವತ್ತಿನ ಕಥೆ ಇವತ್ತಿಗೆ ಮುಗಿದಿರುತ್ತದೆ, ನಾಳೆಗೂ ಏನೋ ಉಳಿದಿರುತ್ತದೆ. ನಮ್ಮ ಕಾದಂಬರಿ ತಿರುವುಮುರುವು ಮಾಡಿದೆ. ಉಳಿಸಬೇಕಾದ ಗುಟ್ಟು ಬಿಟ್ಟುಕೊಟ್ಟು, ಮುಗಿಸಬೇಕಾದ ಕಥೆಯನ್ನು ಬಾಗಿಲು ಬಡಿದ ಸದ್ದಿನಲ್ಲಿ ನಿಲ್ಲಿಸಿ "ಮುಂದುವರಿಯುವುದು" ಅಂದಿದೆ.

ಮಾತು ಹಾಗೇ ಯಂಡಮೂರಿ ವೀರೇಂದ್ರನಾಥರ 'ತುಳಸೀದಳ'ಕ್ಕೆ ಹೋಯಿತು. ತೆಲುಗಿನಿಂದ ಬಂದದ್ದಾದರೂ ನಮ್ಮ ಮನೆಗಳಲ್ಲಿ ಕನ್ನಡದ್ದೇ ಅನ್ನುವ ಹಾಗೆ ಓದಿದ್ದೇವೆ. 1985ರಲ್ಲಿ ಕನ್ನಡ ಸಿನಿಮಾನೂ ಆಯಿತು. ಆ ಕಾದಂಬರಿಯ ಮಗುವಿಗೆ ಆಗಿದ್ದು ಮಾಟವೋ ಕಾಯಿಲೆಯೋ ಅಂತ ಓದುವವರು ತೂಗುತ್ತಲೇ ಇರಬೇಕು. ಮುಂದಿನ ಭಾಗ 'ತುಳಸಿ' ಬಂದಾಗಲೂ ನಮ್ಮವ್ವ, ಚಿಕ್ಕವ್ವ ಇದೇ ಜಗಳ ಆಡಿದ್ದರು, ಮೊದಲನೆಯದು ಹೆಚ್ಚೋ ಎರಡನೆಯದು ಹೆಚ್ಚೋ ಅಂತ.

ಇಷ್ಟೆಲ್ಲ ಆಗುವವರೆಗೂ ಸುಮ್ಮನೆ ಕೂತಿದ್ದವರು ನಮ್ಮ ನರ್ಸಕ್ಕ. ಸರ್ವಿಸ್ ತುಂಬಾ ರಾತ್ರಿ ಪಾಳಿ ಮಾಡಿದವರು. ಚಹಾದ ಕಪ್ಪು ಕೆಳಗಿಟ್ಟು ಹೇಳಿದರು: "ದೆವ್ವದ ಹೆಸರು ಗೊತ್ತಾತಂತ ಹೆದರಿಕಿ ಹೋಗಿಲ್ಲ ತಂಗಿ. ಆ ಸೊಸಿನ್ನ ಬರದವ್ರು ಕೈಬಿಟ್ರು, ಅದಕ್ಕ ಹೋತು."

ನಾನು ಸುಮ್ಮನಾದೆ. ಹೌದಲ್ವಾ? ಎರಡನೇ ಭಾಗದ ಕೊನೆಯಲ್ಲಿ ಅತ್ತೆ ತೀರಿಕೊಂಡ ರಾತ್ರಿ, ಯಾರೂ ಹೇಳದಿದ್ದರೂ ಆ ಸೊಸೆಯೇ ಎದ್ದು ಹೆಚ್ಚಿನ ತಾಟು ಹಾಕುತ್ತಾಳೆ. ರೊಟ್ಟಿ ಮುರಿದು ಇಡುವಾಗ ಅವಳ ಕೈ ನಡುಗುವುದಿಲ್ಲ. ಇಡೀ ಸರಣಿಯಲ್ಲೇ ಚಂದದ ಪುಟ ಅದು. ಅಂಥ ಹೆಣ್ಣು ಮೂರನೇ ಭಾಗದಲ್ಲಿ ಬರೀ ಚೀರುತ್ತಾಳೆ, ಓಡುತ್ತಾಳೆ, ಸ್ವಾಮಿಯ ಕಾಲಿಗೆ ಬೀಳುತ್ತಾಳೆ. ಎರಡು ಪುಸ್ತಕದಷ್ಟು ದೂರ ನಾವು ಜೊತೆಗೆ ನಡೆದದ್ದು ಅವಳ ಜೊತೆ, ದೆವ್ವದ ಜೊತೆ ಅಲ್ಲ. ಅವಳಿಗೆ ಏನಾಗುತ್ತದೋ ಅಂತಲೇ ಎದೆ ಹೊಡೆದುಕೊಳ್ಳುತ್ತಿತ್ತು. ಅವಳೇ ಬೇರೆ ಯಾರೋ ಆಗಿಬಿಟ್ಟರೆ ಯಾರಿಗೋಸ್ಕರ ಹೆದರೋದು?

ಸ್ವಾಮಿಯ ಹನ್ನೆರಡು ಪುಟದ ಮೇಲಿನ ನನ್ನ ಸಿಟ್ಟು ಈಗ ಅಷ್ಟಿಲ್ಲ. ಸೊಸೆಯನ್ನು ಕೈಬಿಟ್ಟರಲ್ಲ, ಆ ಸಿಟ್ಟು ಜಾಸ್ತಿಯಾಗಿದೆ.

ನಾಲ್ಕನೇ ಭಾಗ ಬಂದ ದಿನವೇ ಕೊಂಡು ಓದುತ್ತೇನೆ. ಬರೆದವರು ಇದನ್ನು ಓದಿದರೆ ಒಂದೇ ಮಾತು ಕೇಳಿಕೊಳ್ಳುತ್ತೇನೆ. ಆ ಸೊಸೆಯನ್ನು ಮತ್ತೆ ಅಡುಗೆಮನೆಗೆ ಕರೆತನ್ನಿ. ತಾಟು ಹಾಕಬೇಕೋ ಬೇಡವೋ ಅನ್ನೋದನ್ನು ಅವಳೇ ತೀರ್ಮಾನ ಮಾಡಲಿ.