ಶ್ರೀರಂಗಪಟ್ಟಣ ಒಂದೇ ದಿನದಲ್ಲಿ ನೆಲಸಮವಾಯಿತೇ?

‘ಟಿಪ್ಪು ಕಟ್ಟಿದ ಶ್ರೀರಂಗಪಟ್ಟಣ 1799ರ ಮೇ 4ರಂದು ಒಂದೇ ದಿನದಲ್ಲಿ ನೆಲಸಮವಾಯಿತು’ ಅನ್ನೋ ಸಂದೇಶ ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ರಂಗನಾಥನ ಗುಡಿ, ಕೋಟೆ ಎರಡೂ ಟಿಪ್ಪುವಿಗಿಂತ ಎಷ್ಟೋ ಹಳೆಯವು. 1610ರಲ್ಲೇ ರಾಜ ಒಡೆಯರು ಇದನ್ನು ರಾಜಧಾನಿ ಮಾಡಿಕೊಂಡರು. ಹೈದರ್, ಟಿಪ್ಪು ಕೋಟೆಯನ್ನು ಬಲಪಡಿಸಿದ್ದು ನಿಜ.

ಮೇ 4ರಂದು ಟಿಪ್ಪು ಮಡಿದರು, ಕೋಟೆ ಬಿತ್ತು, ಲೂಟಿಯೂ ಆಯಿತು. ಆದರೆ ಊರು ಸೊರಗಿದ್ದು ನಿಧಾನವಾಗಿ. ರಾಜಧಾನಿ ಮೈಸೂರಿಗೆ ಹೋಯಿತು. ದರ್ಬಾರು ಇಲ್ಲದ ಮೇಲೆ ಕೆಲಸ, ವ್ಯಾಪಾರ ಎಲ್ಲಿಂದ ಬರಬೇಕು, ಅಲ್ವಾ? ಆಮೇಲೆ ಜ್ವರದ ಕಾಟಕ್ಕೆ ಬ್ರಿಟಿಷ್ ಪಡೆಯೂ ಬೆಂಗಳೂರಿಗೆ ಹೊರಟಿತು. ಲಾಲ್ ಮಹಲ್ ಅರಮನೆಯನ್ನು ಕೆಡವಿದ್ದೂ ಯುದ್ಧ ಮುಗಿದ ಮೇಲೆಯೇ. ಅದರ ತೊಲೆಗಳು ಈಗಲೂ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿವೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಇಲ್ಲೇ ಉಳಿದಿದೆ, ಗೋಡೆಯ ಚಿತ್ರಗಳ ಸಮೇತ.