ಮಾತು ಉಳಿಸುವ ಪುಸ್ತಕಕ್ಕೆ ಮೂರು ಕಟ್ಟು ಪತ್ರ

ಭಾರತವನ್ನಾಳಿದ ಬ್ರಿಟಿಷ್ ಸರ್ಕಾರ ಮಾತಿನಲ್ಲಿ ಜಿಪುಣತನ ಮಾಡಿದ ಸರ್ಕಾರವಲ್ಲ. ಕಚೇರಿಯ ಮೇಜಿನ ಕಾಲು ಮುರಿದರೂ ನಾಲ್ಕು ಟಿಪ್ಪಣಿ, ಎರಡು ನಕಲು, ಒಂದು ಸಮಜಾಯಿಷಿ. ಇಂಥವರಿಗೆ ಇದ್ದಕ್ಕಿದ್ದಂತೆ ಮಿತಭಾಷೆಯ ಹುಚ್ಚು ಹಿಡಿದದ್ದು ತಂತಿ, ಅಂದರೆ ಟೆಲಿಗ್ರಾಂ, ಬಂದ ಮೇಲೆ. ಸರಿಯಾಗಿ ಹೇಳಬೇಕೆಂದರೆ, ತಂತಿಯ ಬಿಲ್ಲು ಬಂದ ಮೇಲೆ.

1870ರಲ್ಲಿ ಸೂಯೆಜ್, ಏಡನ್ ಮಾರ್ಗವಾಗಿ ಮುಂಬಯಿಗೆ ಸಮುದ್ರದಡಿಯ ಕೇಬಲ್ ಬಂತು. ಕೇಬಲ್ ಖಾಸಗಿ ಕಂಪನಿಯದು, ದರವೂ ಅವರದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಲ್ಲಿಂದ ಲಂಡನ್ನಿಗೆ ಒಂದು ಪದ ಕಳಿಸಲು ಸಾಮಾನ್ಯ ದರ 4 ಶಿಲಿಂಗ್, ಅಂದರೆ ಆಗಿನ ವಿನಿಮಯದಲ್ಲಿ 3 ರೂಪಾಯಿ. ಕಚೇರಿಯ ಜವಾನ ತನ್ನ ತಿಂಗಳ ಸಂಬಳವನ್ನೆಲ್ಲ ಸುರಿದಿದ್ದರೂ ‘ಸಂಬಳ ಸಾಲದು’ ಎಂದು ತಂತಿ ಕೊಟ್ಟು ಸುಮ್ಮನಾಗಬೇಕಿತ್ತು. ಸಾಹೇಬರು ಪ್ರತಿ ಪತ್ರದ ಕೊನೆಗೂ ಧಾರಾಳವಾಗಿ ಬರೆಯುತ್ತಿದ್ದ ‘ತಮ್ಮ ಅತ್ಯಂತ ವಿಧೇಯ ಸೇವಕನಾಗಿರುವ ಗೌರವ ನನ್ನದು’ ಎಂಬ ಒಕ್ಕಣೆ ಇಂಗ್ಲಿಷಿನಲ್ಲಿ 11 ಪದ. ಕೇಬಲ್ ಹತ್ತಿಸಿದರೆ 33 ರೂಪಾಯಿಯ ವಿಧೇಯತೆ! ಅಷ್ಟು ದುಬಾರಿ ವಿಧೇಯತೆ ಸಾಮ್ರಾಜ್ಯಕ್ಕೂ ಗಿಟ್ಟುತ್ತಿರಲಿಲ್ಲ.

ಹೀಗಾಗಿ ಸಂಕೇತ ಪುಸ್ತಕ. ಒಂದಿಡೀ ವಾಕ್ಯಕ್ಕೆ ಒಂದೇ ಪದ. ವ್ಯಾಪಾರಿಗಳು ಇದನ್ನು ಆಗಲೇ ಕಲಿತಿದ್ದರು. ಹತ್ತಿಯ ದರ, ಹಡಗಿನ ಬಾಡಿಗೆ ಎಲ್ಲ ಸಂಕೇತದಲ್ಲೇ ಓಡಾಡುತ್ತಿದ್ದವು. ಸರ್ಕಾರವೂ ತನ್ನದೊಂದು ಕೋಡ್ ಮಾಡಿಕೊಂಡಿತು. ‘ಪರಿಸ್ಥಿತಿ ಗಂಭೀರವಾಗಿದೆ, ಆದರೆ ಆತಂಕಕ್ಕೆ ಕಾರಣವಿಲ್ಲ’ ಎಂಬಂಥ ವಾಕ್ಯ, ಯಾವ ಸರ್ಕಾರಕ್ಕೂ ವಾರಕ್ಕೊಮ್ಮೆಯಾದರೂ ಬೇಕಾಗುವಂಥದ್ದು, ಒಂದು ಪದಕ್ಕೆ ಇಳಿದುಬಿಟ್ಟರೆ ಖಜಾನೆಗೆ ಎಷ್ಟು ಉಳಿತಾಯ ನೋಡಿ.

ಆದರೆ ಯಾವ ಪದವನ್ನಾದರೂ ಸಂಕೇತವಾಗಿ ಬಳಸುವಂತಿರಲಿಲ್ಲ. 1879ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ತಂತಿ ಸಮ್ಮೇಳನ ಕಟ್ಟಪ್ಪಣೆ ಮಾಡಿತು: ಸಂಕೇತ ಪದ ಹತ್ತು ಅಕ್ಷರ ಮೀರಬಾರದು, ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಡಚ್, ಪೋರ್ಚುಗೀಸ್, ಸ್ಪ್ಯಾನಿಷ್, ಲ್ಯಾಟಿನ್ ಈ ಎಂಟರಲ್ಲಿ ಯಾವುದಾದರೊಂದು ಭಾಷೆಯದೇ ಆಗಿರಬೇಕು. ಈ ಸಮ್ಮೇಳನದ ಹಿಂದಿದ್ದದ್ದು ಅಂತರರಾಷ್ಟ್ರೀಯ ತಂತಿ ಒಕ್ಕೂಟ, ಬ್ರಿಟಿಷ್ ಇಂಡಿಯಾ 1869ರಿಂದಲೇ ಅದರ ಸದಸ್ಯ. ಸದಸ್ಯನ ಮನೆಯಲ್ಲಿ ಕೋಟಿಗಟ್ಟಲೆ ಜನ ಆಡುವ ಒಂದು ಭಾಷೆಯೂ ಪಟ್ಟಿಯಲ್ಲಿಲ್ಲ. ಯಾರ ಮನೆಯಲ್ಲೂ ಆಡದ ಲ್ಯಾಟಿನ್ ಇದೆ. ಸತ್ತ ಭಾಷೆಗೆ ಸೀಟು ಸಿಕ್ಕಿತು, ಬದುಕಿರುವವು ಅರ್ಜಿ ಹಾಕಬೇಕೆಂಬುದೂ ಗೊತ್ತಿಲ್ಲದೆ ಹೊರಗೆ ನಿಂತವು. ಆಮೇಲೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿದ್ದ ಒಕ್ಕೂಟದ ಕಾರ್ಯಾಲಯ 1894ರಲ್ಲಿ ‘ಇವಿಷ್ಟೇ ಅಧಿಕೃತ ಪದಗಳು’ ಎಂದು ಒಂದು ಶಬ್ದಸಂಚಯ ಅಚ್ಚು ಹಾಕಿಸಿತು. ಅದರಲ್ಲಿ 2,56,740 ಪದ. ಮಾತು ಕಡಿಮೆ ಮಾಡಿ ಎಂದು ಹೇಳುವುದಕ್ಕೆ ಎರಡೂವರೆ ಲಕ್ಷ ಮಾತು! ಅದನ್ನು ಕಡ್ಡಾಯ ಮಾಡಲು ಕೊನೆಗೂ ಆಗಲಿಲ್ಲ. 1903ರಲ್ಲಿ, ಉಚ್ಚರಿಸಲು ಬರುವಂತಿದ್ದರೆ ಅರ್ಥವಿಲ್ಲದ ಪದವೂ ಸೈ ಎಂದು ಕೈಬಿಟ್ಟರು. ಸರ್ಕಾರಿ ಗದ್ಯಕ್ಕೆ ಇಷ್ಟು ಉದಾರವಾದ ರಿಯಾಯಿತಿ ಹಿಂದೆಂದೂ ಸಿಕ್ಕಿರಲಿಲ್ಲ.

ಇದೆಲ್ಲ ಪುಸ್ತಕ ಬರೆಯುವ ಕಷ್ಟ. ಅಸಲಿ ಪ್ರಹಸನ ಶುರುವಾಗುವುದು ಹಂಚುವಾಗ.

ಸಂಕೇತ ಪುಸ್ತಕ ಎಲ್ಲರ ಕೈಯಲ್ಲಿದ್ದರೆ ಗುಟ್ಟು ಉಳಿಯದು, ಯಾರ ಕೈಯಲ್ಲೂ ಇಲ್ಲದಿದ್ದರೆ ತಂತಿ ಓದಲಾಗದು. ಆದ್ದರಿಂದ ಯಾರಿಗೆ ಕೊಡಬೇಕೆಂದು ಒಂದು ಪಟ್ಟಿ ಬೇಕು. ಆ ಪಟ್ಟಿಯೂ ಗುಟ್ಟು. ಪ್ರತಿಗಳಿಗೆ ನಂಬರು, ನಂಬರಿಗೆ ವಹಿ, ವಹಿಗೆ ಬೀಗ, ಬೀಗದ ಕೈ ಯಾರ ಬಳಿ ಎಂಬುದಕ್ಕೆ ಇನ್ನೊಂದು ವಹಿ. ಪಡೆದವನು ಸ್ವೀಕೃತಿ ಪತ್ರ ಕಳಿಸಬೇಕು. ಕಳಿಸದಿದ್ದರೆ ನೆನಪೋಲೆ, ಅದಕ್ಕೂ ಉತ್ತರವಿಲ್ಲದಿದ್ದರೆ ಅರೆಸರ್ಕಾರಿ ಪತ್ರ. ನಮ್ಮ ತಾಲ್ಲೂಕು ಕಚೇರಿಯ ಟಪಾಲು ಗುಮಾಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವರು ಇದನ್ನು ಪಿತ್ರಾರ್ಜಿತವಾಗಿ ಪಡೆದವರು.

ಈಗ ಬಹ್ರೇನಿಗೆ ಹೋಗೋಣ. ಪರ್ಷಿಯನ್ ಕೊಲ್ಲಿಯ ರಾಜಕೀಯ ವ್ಯವಹಾರವೆಲ್ಲ ಆಗ ಭಾರತ ಸರ್ಕಾರದ ಕೈಯಲ್ಲಿತ್ತು. ಪರ್ಷಿಯಾದ ಬಂದರು ಬುಶೇರ್‌ನಲ್ಲಿ ರೆಸಿಡೆಂಟ್ ಎಂಬ ಸರ್ಕಾರದ ಪ್ರತಿನಿಧಿ, ಅವನ ಕೈಕೆಳಗೆ 1904ರ ಹೊತ್ತಿಗೆ ಬಹ್ರೇನ್, ಕುವೈತ್‌ಗಳಲ್ಲಿ ಒಬ್ಬೊಬ್ಬ ಪೊಲಿಟಿಕಲ್ ಏಜೆಂಟ್. ಕರಾಚಿಯಿಂದ ಹೊರಟ ತಂತಿ 1864ರಷ್ಟು ಹಿಂದೆಯೇ ಬುಶೇರ್ ಮುಟ್ಟಿತ್ತು. ಬಹ್ರೇನಿಗೂ ಕುವೈತಿಗೂ ಮಾತ್ರ ಮೊದಲ ಮಹಾಯುದ್ಧ ಶುರುವಾಗುವ ತನಕ ತಂತಿಯೇ ಇರಲಿಲ್ಲ. ತಂತಿ ಬುಶೇರ್‌ವರೆಗೆ ಮಿಂಚಿನಂತೆ ಬಂದು, ಅಲ್ಲಿ ಹಡಗಿಗಾಗಿ ಕಾಯುತ್ತ ಕೂತು, ಟಪಾಲಿನ ಚೀಲ ಸೇರಿ, ಸಮುದ್ರ ದಾಟಿ ಏಜೆಂಟನ ಮೇಜಿಗೆ ಬರುತ್ತಿತ್ತು.

ಇಲ್ಲಿಂದ ಮುಂದಿನ ಕಡತ ನನ್ನ ಕಟ್ಟುಕತೆ. ಸರ್ಕಾರಿ ಕಚೇರಿಯಲ್ಲಿ ನಾಲ್ಕು ದಿನ ಕುರ್ಚಿ ಬಿಸಿ ಮಾಡಿದವರು ಇದನ್ನು ಕಟ್ಟುಕತೆ ಎಂದು ಒಪ್ಪಲಾರರು, ಅದು ಬೇರೆ ಮಾತು.

ಸಿಮ್ಲಾದಿಂದ ಪತ್ರ: ‘ಹೊಸ ಸಂಕೇತ ಪುಸ್ತಕದ ಒಂದು ಪ್ರತಿಯನ್ನು ಪ್ರತ್ಯೇಕ ಲಕೋಟೆಯಲ್ಲಿ ಕಳಿಸಲಾಗಿದೆ. ತಲುಪಿದ ಕೂಡಲೇ ಹಳೆಯ ಪ್ರತಿಯನ್ನು ಸುಟ್ಟು, ಸುಟ್ಟ ಬಗ್ಗೆ ಪ್ರಮಾಣಪತ್ರ ಕಳಿಸತಕ್ಕದ್ದು.’ ಏಜೆಂಟನ ಗುಮಾಸ್ತ ಪಾಪ ‘ತಲುಪಿದ ಕೂಡಲೇ’ ಎಂಬುದು ಪತ್ರಕ್ಕೋ ಪುಸ್ತಕಕ್ಕೋ ಎಂದು ಕೇಳುವ ಧೈರ್ಯವಿಲ್ಲದೆ, ತಲುಪಿದ್ದು ಪತ್ರವಾದ್ದರಿಂದ, ಹಳೆಯದನ್ನು ಸುಟ್ಟ. ಪ್ರಮಾಣಪತ್ರವೂ ಹೋಯಿತು. ಪುಸ್ತಕ ಬರಲಿಲ್ಲ.

ಎರಡು ತಿಂಗಳ ಮೇಲೆ ಸಿಮ್ಲಾಕ್ಕೆ ಅನುಮಾನ ಬಂತು. ಪುಸ್ತಕ ತಲುಪಿದೆಯೇ ಎಂದು ತುರ್ತು ತಂತಿ ಹೊಡೆದರು, ಹೊಸ ಪುಸ್ತಕದ ಸಂಕೇತದಲ್ಲಿ. ಅದನ್ನು ಖಚಿತಪಡಿಸುವ ಅಂಚೆಪ್ರತಿಯನ್ನೂ ನಿಯಮದಂತೆ ಟಪಾಲಿಗೆ ಹಾಕಿದರು. ತಂತಿ ಬುಶೇರ್‌ನಲ್ಲಿ ಹಡಗಿಗೆ ಕಾದು ಕೂತಿದ್ದಾಗ ಅಂಚೆಪ್ರತಿಯೂ ಬಂದು ಪಕ್ಕದಲ್ಲಿ ಕೂತಿತು. ಎರಡೂ ಒಂದೇ ಚೀಲದಲ್ಲಿ ಬಹ್ರೇನಿಗೆ ಇಳಿದವು. ಎರಡನ್ನೂ ಓದಲಾಗಲಿಲ್ಲ.

ಏಜೆಂಟ್ ಉತ್ತರಿಸಿದ: ‘ತಮ್ಮ ತಂತಿ ಅರ್ಥವಾಗಲಿಲ್ಲ. ಹಳೆಯ ಸಂಕೇತದಲ್ಲಿ ಕಳಿಸಿ.’ ಸಿಮ್ಲಾ ಮೇಜಿನಿಂದ ಮೇಜಿಗೆ ಟಿಪ್ಪಣಿ ಓಡಿತು. ಒಬ್ಬರು: ‘ಹಳೆಯದನ್ನು ಸುಟ್ಟಿರುವುದಾಗಿ ಇದೇ ಅಧಿಕಾರಿ ಪ್ರಮಾಣೀಕರಿಸಿದ್ದಾರೆ. ಪ್ರಮಾಣ ಸುಳ್ಳೋ, ಕೋರಿಕೆ ಸುಳ್ಳೋ, ಪರಿಶೀಲಿಸಿ ಮಂಡಿಸಿ.’ ಇನ್ನೊಬ್ಬರು: ‘ಸಾದಾ ಇಂಗ್ಲಿಷಿನಲ್ಲಿ ಕೇಳಬಹುದಲ್ಲ?’ ಅದರ ಕೆಳಗೆ ಕೆಂಪು ಶಾಯಿ: ‘ಸಂಕೇತ ಪುಸ್ತಕವೊಂದು ಇದೆ ಎಂಬುದೇ ಗೌಪ್ಯ. ಸಾದಾ ಭಾಷೆಯಲ್ಲಿ ಅದರ ಹೆಸರೆತ್ತಕೂಡದು. ಚರ್ಚಿಸಿ.’ ಚರ್ಚಿಸಿದರು. ಅಷ್ಟರಲ್ಲಿ ಅಕ್ಟೋಬರ್ ಬಂತು, ಸರ್ಕಾರ ಕಡತಗಳ ಪೆಟ್ಟಿಗೆ ಕಟ್ಟಿಕೊಂಡು ಬೆಟ್ಟ ಇಳಿದು ಕಲ್ಕತ್ತೆಗೆ ಹೊರಟಿತು.

ಪುಸ್ತಕ ಕೊನೆಗೂ ಸಿಕ್ಕಿದ್ದು ಮಸ್ಕತ್‌ನ ಕಚೇರಿಯಲ್ಲಿ. ಮೇಲಿನ ಲಕೋಟೆಯಲ್ಲಿ ವಿಳಾಸ ತಪ್ಪಿತ್ತು, ಒಳ ಲಕೋಟೆಯಲ್ಲಿ ಸರಿಯಿತ್ತು. ಆದರೆ ಒಳ ಲಕೋಟೆಯನ್ನು ವಿಳಾಸದಾರನಲ್ಲದೆ ಬೇರೆ ಯಾರೂ ನೋಡಬಾರದೆಂಬ ಕಾರಣಕ್ಕೇ ಅದನ್ನು ಒಳಗಿಟ್ಟಿದ್ದರು. ಬಹ್ರೇನಿಗೆ ಪುಸ್ತಕ ತಲುಪಿದ ದಿನವೇ ಅದರ ಜೊತೆ ಒಂದು ತಿದ್ದೋಲೆಯೂ ಬಂತು. ಪುಟದ ತಪ್ಪುಗಳನ್ನು ತಿದ್ದಿಕೊಳ್ಳಲು ತಿದ್ದೋಲೆ. ತಿದ್ದಿಕೊಂಡ ಬಗ್ಗೆ ಪ್ರಮಾಣಪತ್ರ. ಪ್ರಮಾಣಪತ್ರದ ನಮೂನೆ ಲಗತ್ತಿಸಿದೆ. ಲಗತ್ತಿಸಿರಲಿಲ್ಲ.

ಕಟ್ಟುಕತೆ ಇಲ್ಲಿಗೆ ಸಾಕು.

ದೇಶದೊಳಗಿನ ಲೆಕ್ಕ ಇನ್ನೂ ಸೊಗಸು. ಕೇಬಲ್ ಕಂಪನಿಗೆ ಕೊಡುವುದು ನಿಜವಾದ ದುಡ್ಡು, ಅಲ್ಲಿ ಪದ ಉಳಿಸಿದರೆ ಉಳಿಸಿದ ಹಾಗೆ. ಒಳನಾಡಿನ ತಂತಿಯೋ ಸರ್ಕಾರದ್ದೇ. ಒಂದು ಇಲಾಖೆ ಇನ್ನೊಂದು ಇಲಾಖೆಗೆ ಸರ್ವಿಸ್ ಸ್ಟ್ಯಾಂಪಿನಲ್ಲಿ ಶುಲ್ಕ ಕಟ್ಟುತ್ತಿತ್ತು. ಎಡಗಿಸೆಯಿಂದ ಬಲಗಿಸೆಗೆ ಹೋಗುವ ಆಣೆಗಳನ್ನು ಉಳಿಸಲು ಪುಸ್ತಕ ಅಚ್ಚು ಹಾಕಿಸಿ, ರಿಜಿಸ್ಟರ್ ಮಾಡಿಸಿ, ಅರಗಿನ ಮುದ್ರೆ ಒತ್ತಿ, ನಿಜವಾದ ಕಬ್ಬಿಣದ ಪೆಟ್ಟಿಗೆಯಲ್ಲಿಡುವುದು ಹಣಕಾಸಿನ ಯಾವ ಸೂತ್ರಕ್ಕೆ ಸೇರುತ್ತದೋ, ಆಡಿಟರು ಹೇಳಬೇಕು.

ನಮ್ಮ ಕಡೆ ನೋಡಿದರೆ ಹಂಚಿಕೆಯ ಪಟ್ಟಿ ಮಾಡುವವನ ಮೇಲೆ ನಿಜಕ್ಕೂ ಕನಿಕರ ಹುಟ್ಟುತ್ತದೆ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಮುಂಬಯಿಯ ಲೆಕ್ಕ. ಮಂಗಳೂರು, ಬಳ್ಳಾರಿ ಮದರಾಸಿನ ಲೆಕ್ಕ. ಕಲಬುರಗಿ, ರಾಯಚೂರು ಹೈದರಾಬಾದಿನ ನಿಜಾಮನವು. ತುಂಗಭದ್ರೆಯ ಒಂದು ದಡದ ಕಲೆಕ್ಟರು ಇನ್ನೊಂದು ದಡದ ಕಲೆಕ್ಟರಿಗೆ ಕೂಗಿ ಹೇಳಬಹುದಾದ್ದನ್ನು ಬೇರೆ ಬೇರೆ ಪ್ರೆಸಿಡೆನ್ಸಿಯ ಮೂಲಕ ಹೇಳಬೇಕು. ಮೈಸೂರಿನ ದಿವಾನರು ವೈಸರಾಯ್‌ಗೆ ಏನೇ ಹೇಳಬೇಕಿದ್ದರೂ ಬೆಂಗಳೂರಿನ ರೆಸಿಡೆಂಟನ ಬಾಯಿಂದಲೇ ಹೇಳಿಸಬೇಕು. 1881ರ ನಂತರ ಈ ರೆಸಿಡೆಂಟೇ ಕೊಡಗಿನ ಚೀಫ್ ಕಮಿಷನರ್ ಕೂಡ. ಮನುಷ್ಯ ಒಬ್ಬ, ಹುದ್ದೆ ಎರಡು. ಹುದ್ದೆಗೊಂದು ಎಂದು ಪುಸ್ತಕ ಹಂಚುವ ಗುಮಾಸ್ತ ಅವನಿಗೆ ಎಷ್ಟು ಪ್ರತಿ ಕೊಡಬೇಕು? ಒಂದು ಕೊಟ್ಟರೆ ಕೊಡಗಿಗೆ ಅನ್ಯಾಯ. ಎರಡು ಕೊಟ್ಟರೆ, ರೆಸಿಡೆಂಟನ ಪ್ರತಿಯ ಗುಟ್ಟು ಚೀಫ್ ಕಮಿಷನರ್‌ಗೆ ಸೋರದಂತೆ ಎಡಗೈ ಬೀರುವಿನಲ್ಲಿ ಒಂದು, ಬಲಗೈ ಬೀರುವಿನಲ್ಲಿ ಒಂದು ಇಡಬೇಕು. ಯಾವುದೋ ಒಂದು ಪುಣ್ಯದ ದಿನ ಅವನು ತನಗೆ ತಾನೇ ನೆನಪೋಲೆ ಬರೆದುಕೊಂಡಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಇದನ್ನೆಲ್ಲ ಕಂಡು ಒಳಗಿನವರಿಗೂ ರೋಸಿಹೋಗಿತ್ತು. 1899ರಲ್ಲಿ ವೈಸರಾಯ್ ಆಗಿ ಬಂದ ಕರ್ಜನ್, ಕಡತವೊಂದು ಭೂಮಿಯ ದೈನಂದಿನ ಭ್ರಮಣದ ಹಾಗೆ ಗಂಭೀರವಾಗಿ, ನಿಧಾನವಾಗಿ ಸುತ್ತು ಹೊಡೆಯುವುದನ್ನು ಲೇವಡಿ ಮಾಡಿ ಬರೆದ. ಸೊಗಸಾದ ಗದ್ಯ. ಅದನ್ನೂ ಕಡತದಲ್ಲೇ ಬರೆದ, ಆ ಕಡತವೂ ಸುತ್ತಿತು.

ಪತ್ರವ್ಯವಹಾರ ಮುಗಿದ ಮೇಲೆ ಕಡತಕ್ಕೆ ದರ್ಜೆ ಕೊಡುವ ಪದ್ಧತಿಯಿತ್ತು. ಮಹತ್ವದ್ದಾದರೆ ‘ಎ’, ಅಷ್ಟಿಲ್ಲದಿದ್ದರೆ ‘ಬಿ’, ಅದಕ್ಕೂ ಕೆಳಗಿನದು ‘ಡಿಪಾಸಿಟ್’. ಪುಸ್ತಕವನ್ನು ಪ್ರಾಣದಂತೆ ಕಾಯಬೇಕು, ಅದನ್ನು ಹಂಚಿದ ಕತೆ ಮಾತ್ರ ಕೆಳದರ್ಜೆಯ ಕಾಗದ. ಆದರೂ ಕಾಗದಗಳು ಗಟ್ಟಿ ಆಯುಸ್ಸಿನವು. ಬುಶೇರ್ ರೆಸಿಡೆನ್ಸಿಯ ಕಡತಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕತಾರ್ ದೇಶದ ಸಹಯೋಗದಲ್ಲಿ ಅವನ್ನು ರಾಶಿರಾಶಿಯಾಗಿ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದ್ದಾರೆ. ಎರಡು ಲಕೋಟೆ, ಅರಗು, ಬೀಗ, ‘ಗೌಪ್ಯ’ ಮುದ್ರೆ ಎಲ್ಲ ಸಮೇತ ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಓದಬಹುದು. ಸ್ವೀಕೃತಿ ಪತ್ರ ಕೇಳುವುದಿಲ್ಲ, ಹೆಚ್ಚೆಂದರೆ ಕುಕೀಸ್ ಒಪ್ಪಿಕೊಳ್ಳಿ ಎನ್ನುತ್ತದೆ.

ಇಷ್ಟಕ್ಕೂ ಈ ದೇಶದಲ್ಲಿ ತಕರಾರಿಲ್ಲದೆ ನಡೆದ ತಂತಿ ಸಂಕೇತ ಪುಸ್ತಕ ಒಂದಿತ್ತು. ಅದು ಪುಸ್ತಕವೂ ಅಲ್ಲ, ಒಂದು ಹಾಳೆ. ಶುಭಾಶಯದ ತಂತಿಗಳ ಪಟ್ಟಿ: ದೀಪಾವಳಿಗೆ 1, ಈದ್‌ಗೆ 2, ಹೊಸ ವರ್ಷಕ್ಕೆ 4, ಮದುವೆಗೆ 8. ಅಂಚೆ ಕಚೇರಿಗೆ ಹೋದ ಯಾರು ಬೇಕಾದರೂ ನೋಡಬಹುದಿತ್ತು, ನಂಬರಿಲ್ಲ, ವಹಿಯಿಲ್ಲ, ಕಬ್ಬಿಣದ ಪೆಟ್ಟಿಗೆಯಿಲ್ಲ. ಊರಿನ ದೊಡ್ಡಪ್ಪ ‘8’ ಎಂದು ಬರೆದುಕೊಟ್ಟು ಬಂದರೆ ಮಂಟಪದಲ್ಲಿ ‘ದೀರ್ಘ ಸುಖ ದಾಂಪತ್ಯಕ್ಕೆ ಶುಭಾಶಯ’ ಎಂದು ಇಂಗ್ಲಿಷಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಓದಲು ಬರುವ ಒಬ್ಬ ಭಾವಮೈದುನ ಅದನ್ನು ಮೈಕಿನಲ್ಲಿ ಓದುತ್ತಿದ್ದ. 2013ರ ಜುಲೈ 14ರಂದು ಕೊನೆಯ ತಂತಿಗಳನ್ನು ತೆಗೆದುಕೊಂಡು ಸರ್ಕಾರ ಅಂಗಡಿ ಮುಚ್ಚುವವರೆಗೂ, ಆಶೀರ್ವಾದ ತಲುಪಿದ ಬಗ್ಗೆ ಪ್ರಮಾಣಪತ್ರ ಕಳಿಸತಕ್ಕದ್ದು ಎಂದು ಯಾವ ಮದುಮಗನಿಗೂ ನೆನಪೋಲೆ ಬರಲಿಲ್ಲ.