ಸೇಬೋ, ಕಿಟಕಿಯೋ, ಪೆಂಗ್ವಿನ್ನೋ

ಪಿಯುಸಿ ರಿಸಲ್ಟ್ ಬಂದ ಮೇಲೆ ಎರಡು ಮೂರು ತಿಂಗಳು ನನ್ನ ಫೋನಿಗೆ ಬಿಡುವಿರುವುದಿಲ್ಲ. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಮಗಳು ಬಿ.ಕಾಂ. ಸೇರಿದ್ದಾಳೆ, ಲ್ಯಾಪ್‌ಟಾಪ್ ಕೊಡಿಸಬೇಕು, ಯಾವುದು ಒಳ್ಳೇದು? ಕಂಪ್ಯೂಟರಿನ ಮುಂದೆ ಜಾಸ್ತಿ ಹೊತ್ತು ಕೂರುವವನಿಗೆ ಇದೆಲ್ಲ ಗೊತ್ತಿರಲೇಬೇಕು ಎಂಬುದು ನೆಂಟರಿಷ್ಟರ ನಂಬಿಕೆ. ಕೇಳುವವರು ಬರಿಗೈಲಿ ಬರುವುದಿಲ್ಲ. ಪಕ್ಕದ ಮನೆಯವರು ಹೇಳಿದ್ದು, ಯೂಟ್ಯೂಬಿನಲ್ಲಿ ನೋಡಿದ್ದು, ಆಫೀಸಿನ ಹುಡುಗ ಎಚ್ಚರಿಸಿದ್ದು, ಎಲ್ಲವನ್ನೂ ಗಂಟು ಕಟ್ಟಿಕೊಂಡೇ ಬಂದಿರುತ್ತಾರೆ. "ಮ್ಯಾಕ್ ತಗೊಂಡರೆ ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲವಂತೆ, ಅಲ್ವಾ?" ಎನ್ನುತ್ತಾರೆ. "ಲಿನಕ್ಸ್ ಫ್ರೀಯಂತಲ್ಲ, ಹಾಗಾದರೆ ಜನ ಯಾಕೆ ಹಾಕಿಸಲ್ಲ?" ಎಂದೂ ಕೇಳುತ್ತಾರೆ. ಈ ಎರಡನೇ ಪ್ರಶ್ನೆ ಒಳ್ಳೆಯ ಪ್ರಶ್ನೆ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ ಆಯ್ಕೆ ಮೂರು: ಸೇಬಿನ ಗುರುತಿನ ಆಪಲ್ ಕಂಪನಿಯ ಮ್ಯಾಕ್, ಕಿಟಕಿ ಗುರುತಿನ ವಿಂಡೋಸ್, ಪೆಂಗ್ವಿನ್ ಗುರುತಿನ ಲಿನಕ್ಸ್.

ನಾನು ತಿರುಗಿ ಕೇಳುವುದು ಎರಡೇ ಮಾತು. ಅದರಲ್ಲಿ ಮಾಡುವ ಕೆಲಸ ಏನು? ಕೆಟ್ಟರೆ ಫೋನ್ ಮಾಡುವುದು ಯಾರಿಗೆ? ರ‍್ಯಾಮ್, ಪ್ರಾಸೆಸರ್, ಬ್ಯಾಟರಿ ಎಲ್ಲ ಆಮೇಲೆ. ಹೋಲಿಕೆ ಮಾಡಿ ಮಾರ್ಕ್ಸ್ ಕೊಡುವವರು ಈ ಎರಡಕ್ಕೂ ಕಾಲಂ ಇಟ್ಟಿರುವುದಿಲ್ಲ. ಎರಡನೇ ಪ್ರಶ್ನೆಗೆ ಹೆಚ್ಚಿನವರ ಉತ್ತರ "ನಿಮಗೇ" ಎಂದಿರುವುದರಿಂದ ನನ್ನ ಸಲಹೆಯಲ್ಲಿ ಸ್ವಲ್ಪ ಸ್ವಾರ್ಥವೂ ಬೆರೆತಿರುತ್ತದೆ.

ಬಿ.ಕಾಂ. ಹುಡುಗಿಯ ವಿಷಯ ಬೇಗ ಮುಗಿಯುತ್ತದೆ. ಕಾಮರ್ಸ್ ಎಂದರೆ ಇವತ್ತಲ್ಲ ನಾಳೆ ಟ್ಯಾಲಿ. 1986ರಲ್ಲಿ ಶುರುವಾದ, ನಮ್ಮ ಬೆಂಗಳೂರಿನದೇ ಕಂಪನಿಯ ಸರಕು. ಅಂಗಡಿ, ಮಂಡಿ, ರೈಸ್‌ಮಿಲ್ಲುಗಳ ಲೆಕ್ಕವೆಲ್ಲ ಅದರಲ್ಲೇ. ಅದು ನೇರವಾಗಿ ಓಡುವುದು ವಿಂಡೋಸ್ ಮೇಲೆ ಮಾತ್ರ. ಆಡಿಟರ್ ಕಚೇರಿಗೆ ಮ್ಯಾಕ್ ಹಿಡಿದುಕೊಂಡು ಹೋದರೆ ಎಲ್ಲರೂ ಒಂದು ಸಲ ಮುಟ್ಟಿ ನೋಡಿ "ಚೆನ್ನಾಗಿದೆ" ಅಂತಾರೆ. ಕೆಲಸಕ್ಕೆ ಮಾತ್ರ ಮೂಲೆಯಲ್ಲಿರುವ ಹಳೇ ಡೆಸ್ಕ್‌ಟಾಪ್ ಕಡೆಗೆ ಕೈ ತೋರಿಸುತ್ತಾರೆ. ಟೆಂಡರಿಗೆ, ಕಂಪನಿ ರಿಟರ್ನಿಗೆ ಡಿಜಿಟಲ್ ಸಹಿ ಹಾಕುವ ಆ ಪುಟ್ಟ ಟೋಕನ್ ಇದೆಯಲ್ಲ, ಅದೂ ವಿಂಡೋಸ್‌ನಲ್ಲೇ ಸಲೀಸು. ಬೇರೆ ಕಡೆ ಅದಕ್ಕೆ ಜೀವ ತುಂಬಲು ಹೋದರೆ ಅರ್ಧ ದಿನ ಖೋತಾ.

ಹಾಗಂತ ವಿಂಡೋಸ್ ಬಗ್ಗೆ ಯಾರಾದರೂ ಅಕ್ಕರೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ. ಬೈಯುತ್ತಲೇ ಬಳಸುತ್ತಾರೆ. ರಾತ್ರಿ ಮಲಗುವ ಮೊದಲು ಆಫ್ ಮಾಡೋಣ ಎಂದರೆ ಅಪ್‌ಡೇಟ್ ಶುರು. ಒಂದು ಬಿಳೀ ಚಕ್ರ ತಿರುಗುತ್ತದೆ, ಆಫ್ ಮಾಡಬೇಡಿ ಎಂಬ ಅಪ್ಪಣೆ ಬರುತ್ತದೆ. ದುಡ್ಡು ಕೊಟ್ಟು ತಂದ ಮೆಷಿನ್ನಿನ ಸ್ಟಾರ್ಟ್ ಮೆನುವಿನಲ್ಲಿ ಕೇಳದ ಆಟಗಳೂ ಬೇಡದ ಆಪ್‌ಗಳೂ ಬಂದು ಕೂತಿರುತ್ತವೆ. ಇನ್ನು ಪೆನ್‌ಡ್ರೈವಿನ ಕತೆ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದು ಚುಚ್ಚಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಅಪ್ಪಿತಪ್ಪಿ ಕ್ಲಿಕ್ ಮಾಡಿದರೆ ವೈರಸ್ ನಮ್ಮ ಮನೆಗೂ ಬಂತು. ಅದೇ ಪೆನ್‌ಡ್ರೈವನ್ನು ಲಿನಕ್ಸ್‌ಗೆ ಚುಚ್ಚಿದರೆ ಆ ವೈರಸ್ ಫೈಲು ಸುಮ್ನೆ ಕೂತಿರುವುದು ಕಾಣುತ್ತದೆ. ಆಟೋರನ್ ಎಂಬ ಹೆಸರೂ ಕಾಣುತ್ತದೆ. ಆರಿಸಿ ಡಿಲೀಟ್ ಒತ್ತಿದರೆ ಮುಗಿಯಿತು. ಇಷ್ಟು ದಿನ ಹೆದರಿಸಿದ್ದು ಇದೇನಾ ಅನಿಸುತ್ತದೆ.

ವಿಂಡೋಸ್‌ನ ದೊಡ್ಡ ಗುಣ ಎಂದರೆ ಅದು ಎಲ್ಲ ಕಡೆ ಇದೆ ಎಂಬುದು. ಹೋಬಳಿ ಊರಿನಲ್ಲೂ ಅದನ್ನು ಬಿಚ್ಚಿ, ಫಾರ್ಮ್ಯಾಟ್ ಮಾಡಿ ಕೊಡುವ ಹುಡುಗನೊಬ್ಬ ಇದ್ದೇ ಇರುತ್ತಾನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಂತೂ ನಿಂತ ಕಾಲಲ್ಲೇ ರ‍್ಯಾಮ್ ಬದಲಾಯಿಸಿ, ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿ, ಸತ್ತ ಲ್ಯಾಪ್‌ಟಾಪನ್ನು ಎಬ್ಬಿಸಿ ಕೊಡುತ್ತಾರೆ. ಬಿಲ್ ಬೇಕೋ ಬೇಡವೋ ಅನ್ನುವುದನ್ನು ಮಾತ್ರ ಮೊದಲೇ ಹೇಳಬೇಕು.

ಮ್ಯಾಕಿನಲ್ಲಿ ಇದೆಲ್ಲ ನಡೆಯುವುದಿಲ್ಲ. ಮ್ಯಾಕ್ ಎಂದರೆ ಮಡಿ ಇರುವ ಮನೆಯ ಊಟ. ಎಲೆ ಹಾಕಿ, ಉಪಚಾರ ಮಾಡಿ, ಹೊಟ್ಟೆ ತುಂಬ ಬಡಿಸುತ್ತಾರೆ, ಅಡುಗೆಮನೆಯ ಹೊಸಿಲು ಮಾತ್ರ ದಾಟುವ ಹಾಗಿಲ್ಲ. ರ‍್ಯಾಮ್ ಸಾಲದೇ ಹೋದರೆ ಆಮೇಲೆ ಹಾಕಿಸಿಕೊಳ್ಳೋಣ ಎಂಬ ಮಧ್ಯಮ ವರ್ಗದ ಯೋಚನೆಗೆ ಅಲ್ಲಿ ಜಾಗವಿಲ್ಲ. ಕೊಳ್ಳುವ ದಿನವೇ ತೀರ್ಮಾನ ಆಗಬೇಕು. 2020ರ ಕೊನೆಗೆ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಂದಾಗ ಇಲ್ಲಿನ ಬೆಲೆ 92,900 ರೂಪಾಯಿ. ಕೇಳಿದವರು ಎದೆ ಹಿಡಿದುಕೊಂಡರು. ಆದರೆ ಕೊಂಡವರನ್ನು ಕೇಳಿ. ಅದರಲ್ಲಿ ಫ್ಯಾನೇ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಬೆಳಿಗ್ಗೆ ಚಾರ್ಜ್ ಮಾಡಿ ಹೊರಟರೆ ಸಂಜೆವರೆಗೆ ವೈರಿನ ಗೊಡವೆಯಿಲ್ಲ. ಮುಚ್ಚಳ ತೆರೆದರೆ ನಿನ್ನೆ ಬಿಟ್ಟ ಪುಟ ಹಾಗೇ ಎದುರಿಗಿರುತ್ತದೆ. ಈ ಕೊನೆಯದನ್ನು ನಾನು ತುಂಬ ದೊಡ್ಡ ಗುಣ ಎಂದು ಎಣಿಸುತ್ತೇನೆ. ನನ್ನ ಲ್ಯಾಪ್‌ಟಾಪ್ ಮುಚ್ಚಳ ತೆರೆದಾಗ ಏಳುತ್ತದೋ ಇಲ್ಲವೋ ಎಂಬುದು ಅದರ ಆವತ್ತಿನ ಮನಸ್ಸಿಗೆ ಬಿಟ್ಟದ್ದು.

ವಿಂಡೋಸ್ ಬಿಟ್ಟು ಮ್ಯಾಕಿಗೆ ಹೋದವರು ಮೊದಲ ವಾರ ಪಡುವ ಪಾಡು ನೋಡಲು ಮಜವಾಗಿರುತ್ತದೆ. ಕಿಟಕಿ ಮುಚ್ಚುವ ಗುಂಡಿ ಬಲಗಡೆ ಇಲ್ಲ, ಎಡಗಡೆ ಇದೆ. ಒತ್ತಿದರೆ ಕಿಟಕಿ ಹೋಗುತ್ತದೆ, ಆಪ್ ಮಾತ್ರ ಒಳಗೆ ಓಡುತ್ತಲೇ ಇರುತ್ತದೆ. ಫೈಲಿನ ಮೇಲೆ ನಿಂತು ಎಂಟರ್ ಒತ್ತಿದರೆ ಅದು ತೆರೆಯುವುದಿಲ್ಲ, "ಹೆಸರು ಬದಲಾಯಿಸುತ್ತೀರಾ?" ಎಂಬಂತೆ ಕರ್ಸರ್ ಮಿನುಗುತ್ತದೆ. ಕಾಪಿ ಮಾಡಲು ಕಿರುಬೆರಳು ಕಂಟ್ರೋಲ್ ಹುಡುಕುತ್ತದೆ, ಕೆಲಸ ಆಗುವುದು ಹೆಬ್ಬೆರಳ ಹತ್ತಿರದ ಕಮಾಂಡ್ ಕೀಯಲ್ಲಿ. ಇವೆಲ್ಲ ರೂಢಿಯಾಗುತ್ತವೆ ಬಿಡಿ. ರೂಢಿಯಾಗದ್ದು ಹಾರ್ಡ್‌ಡಿಸ್ಕಿನ ವಿಷಯ. ಮದುವೆ ಫೋಟೋ ತುಂಬಿದ ಡಿಸ್ಕನ್ನು ಸ್ಟುಡಿಯೋದವರು ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಕೊಟ್ಟಿರುತ್ತಾರೆ. ಮ್ಯಾಕಿನಲ್ಲಿ ಫೋಟೋ ಎಲ್ಲ ಕಾಣುತ್ತವೆ, ಒಂದನ್ನೂ ಅಳಿಸಲಾಗದು, ಹೊಸದೊಂದನ್ನೂ ಸೇರಿಸಲಾಗದು. ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಕೊಡಿ ಎಂದು ಮೊದಲೇ ಹೇಳಿದರೆ ಈ ರಗಳೆ ಇಲ್ಲ. ಆದರೆ ಮದುವೆ ಮನೆಯಲ್ಲಿ ಅದನ್ನು ಯಾರು ನೆನಪಿಟ್ಟುಕೊಂಡು ಹೇಳುತ್ತಾರೆ?

ನನ್ನ ಮೇಜಿನ ಮೇಲಿರುವುದು ಲಿನಕ್ಸ್. ಒಂದು ಕಾಲದಲ್ಲಿ ಉಬುಂಟು ಎಂಬ ಬಗೆಯ ಲಿನಕ್ಸ್‌ನ ಸಿಡಿಗಳನ್ನು ಕೇಳಿದವರಿಗೆಲ್ಲ ಪುಕ್ಕಟೆಯಾಗಿ, ಅಂಚೆ ಖರ್ಚೂ ಕೇಳದೆ, ಮನೆ ಬಾಗಿಲಿಗೆ ಕಳಿಸುತ್ತಿದ್ದರು. 2011ರಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ಪೋಸ್ಟ್‌ಮ್ಯಾನಿಗೆ ಅದು ಯಾವುದೋ ಫಾರಿನ್ ಸಾಮಾನು. ಒಳಗಿದ್ದ ರಟ್ಟಿನ ಕವರಿನ ಸಿಡಿಯಿಂದ ಎಷ್ಟೋ ಜನ ಮೊದಲ ಸಲ ಲಿನಕ್ಸ್ ಕಂಡರು. ಫ್ರೀ ಎಂದಾದರೆ ಜನ ಯಾಕೆ ಹಾಕಿಸಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ದುಡ್ಡು ಕೇಳುವುದಿಲ್ಲ, ಸಮಯ ಕೇಳುತ್ತದೆ. ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಎಲ್ಲ ಸರಿಯಾಗಿ ಓಡಿ ವೈಫೈ ಮಾತ್ರ ಕೈಕೊಡಬಹುದು. ಅದನ್ನು ಓಡಿಸುವ ಡ್ರೈವರ್ ತಂತ್ರಾಂಶ ಇಳಿಸಿಕೊಳ್ಳಬೇಕು, ಇಳಿಸಿಕೊಳ್ಳಲು ವೈಫೈ ಬೇಕು. ಫೋನಿಗೆ ಕೇಬಲ್ ಚುಚ್ಚಿ ಇಂಟರ್ನೆಟ್ ಕೊಟ್ಟು ದಾಟಬೇಕು. ಇಂಥದ್ದರಲ್ಲಿ ಖುಷಿ ಕಾಣುವವರಿಗೆ ಲಿನಕ್ಸ್ ಸ್ವರ್ಗ. ಸಹಾಯ ಕೇಳಿದರೆ ಸಿಗುತ್ತದೆ, ಆದರೆ ಮೊದಲು "ಆ ಡಿಸ್ಟ್ರೋ ಯಾಕೆ ಹಾಕಿದಿರಿ?" ಎಂಬ ವಿಚಾರಣೆ ಮುಗಿಯಬೇಕು. ಡಿಸ್ಟ್ರೋ ಎಂದರೆ ಲಿನಕ್ಸ್‌ನ ಒಂದೊಂದು ಬಗೆ. ಉಬುಂಟುವಿನವರು, ಮಿಂಟಿನವರು, ಡೆಬಿಯನ್‌ನವರು ತಮ್ಮತಮ್ಮಲ್ಲೇ ಜಗಳವಾಡುವಷ್ಟು ವಿಂಡೋಸ್ ಜೊತೆ ಆಡುವುದಿಲ್ಲ.

ಹಳೆಯ ಮೆಷಿನ್ನುಗಳಿಗೆ ಮಾತ್ರ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರಾಸೆಸರ್ ಸುಮಾರಾಗಿ 2017ರಿಂದ ಈಚಿನದಾಗಿರಬೇಕು. ಗಟ್ಟಿಮುಟ್ಟಾಗಿದ್ದ ಎಷ್ಟೋ ಲ್ಯಾಪ್‌ಟಾಪುಗಳು ಕಾಗದದ ಮೇಲೆ ಮುದಿಯಾದವು. ಮ್ಯಾಕಿನವರೂ ನಗುವ ಹಾಗಿಲ್ಲ. ಇಂಟೆಲ್ ಚಿಪ್ಪಿನ ಮ್ಯಾಕುಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆ. ಇಂಥ ಲ್ಯಾಪ್‌ಟಾಪಿಗೆ ಎಸ್.ಪಿ. ರೋಡಿನಲ್ಲಿ ಒಂದು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ಇಳಿಸಿದರೆ ಬ್ರೌಸರ್, ಸಿನಿಮಾ, ಬ್ಯಾಂಕು, ಬರವಣಿಗೆ ಎಲ್ಲದಕ್ಕೂ ಸಾಕು. ಮನೆಯ ಹಿರಿಯರಿಗೆ ಅದು ವಿಂಡೋಸ್ ಅಲ್ಲ ಎಂದು ಗೊತ್ತೂ ಆಗುವುದಿಲ್ಲ.

ಬರವಣಿಗೆ ಎಂದೆನಲ್ಲ. ಕನ್ನಡದಲ್ಲಿ ಬರೆಯುವವರಿಗೆ ಮೂರರ ಗುಣದೋಷದ ಲೆಕ್ಕವೇ ಬೇರೆ. ವಿಂಡೋಸ್‌ಗೆ ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಸಂಕೇತದ ಕನ್ನಡ, ಬಂದದ್ದು 2001ರ ಎಕ್ಸ್‌ಪಿ ಜೊತೆ. ತುಂಗಾ ಎಂಬ ಫಾಂಟೂ ಬಂತು. ಬಂತು ಎಂದರೆ ತಾನಾಗಿ ಬರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಯ ಪುಟದಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು. ಹಾಕಿದ ಕೂಡಲೇ ಅದು ಎಕ್ಸ್‌ಪಿ ಸಿಡಿ ಕೊಡು ಅನ್ನುತ್ತಿತ್ತು. ಸಿಡಿ ಎಲ್ಲಿದೆ? ಹಾಕಿಕೊಟ್ಟ ಹುಡುಗನ ಬ್ಯಾಗಿನಲ್ಲಿ. ಅವನು ಬರುವವರೆಗೆ ಪರದೆಯ ಮೇಲೆ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಪಕ್ಕ ನಿಂತಿರುತ್ತಿದ್ದವು.

ಈಗ ಮೂರರಲ್ಲೂ ಕನ್ನಡ ಓದಬಹುದು. ಟೈಪ್ ಮಾಡುವಾಗ ವ್ಯತ್ಯಾಸ ಗೊತ್ತಾಗುತ್ತದೆ. ನನ್ನ ಬೆರಳು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ನುಡಿ ಕೀಲಿಮಣೆಗೆ ಒಗ್ಗಿದೆ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಒತ್ತಿದರೆ 'ಕನ್ನಡ'. ನಡುವಿನ ಎಫ್ ಒತ್ತಕ್ಷರ ಕಟ್ಟುವ ಕೊಂಡಿ. ಐದೇ ಏಟು, ಇಂಗ್ಲಿಷ್ ಕಾಗುಣಿತದ ಹಂಗಿಲ್ಲ. ವಿಂಡೋಸ್‌ನಲ್ಲಿ ಇದಕ್ಕೆ ನುಡಿ, ಬರಹ ತಂತ್ರಾಂಶಗಳಿವೆ. ಮ್ಯಾಕಿನಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ಇದೆ, ಕ್ವರ್ಟಿ ಎಂಬ ಇನ್ನೊಂದು ಬಗೆ ಇದೆ, ನುಡಿಗೆ ಒಗ್ಗಿದ ಬೆರಳಿಗೆ ಎರಡೂ ಪರಕೀಯ. ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಪಟ್ಟಿ ತೆರೆದರೆ ಕೆಜಿಪಿ ಎಂಬ ಹೆಸರಲ್ಲಿ ಇದೇ ವಿನ್ಯಾಸ ಸಿಗುತ್ತದೆ. ಯಾರೋ ನಮ್ಮವರು ಸಂಬಳವಿಲ್ಲದೆ ಕೂತು ಸೇರಿಸಿದ್ದಾರೆ. ನಾನು ಲಿನಕ್ಸ್‌ನಲ್ಲಿ ಉಳಿದಿರುವುದಕ್ಕೆ ಸ್ವಾತಂತ್ರ್ಯ ಗೀತಂತ್ರ್ಯ ಯಾವ ದೊಡ್ಡ ಕಾರಣವೂ ಇಲ್ಲ. ಆ ಪಟ್ಟಿಯಲ್ಲಿನ ಆ ಒಂದು ಸಾಲು ಸಾಕು.

ಆದರೆ ಪ್ರೆಸ್ಸಿಗೆ ಹೋದರೆ ನನ್ನ ಲಿನಕ್ಸ್ ಅಭಿಮಾನ ಬಾಗಿಲಲ್ಲೇ ಚಪ್ಪಲಿ ಬಿಡುತ್ತದೆ. ನಮ್ಮೂರಿನ ಮುದ್ರಣಾಲಯದಲ್ಲಿ ಪುಟ ಜೋಡಿಸಲು ಇಂದಿಗೂ ಪೇಜ್‌ಮೇಕರ್ ತಂತ್ರಾಂಶ. 2001ರಲ್ಲಿ ಬಂದ 7.0ಯೇ ಅದರ ಕೊನೆಯ ದೊಡ್ಡ ಆವೃತ್ತಿ. ಅದರ ಮೇಲೆ ಯೂನಿಕೋಡ್ ಅಲ್ಲದ, ಆಸ್ಕಿ ಎನ್ನುವ ನುಡಿಯ ಹಳೇ ಫಾಂಟುಗಳು. ತಮಾಷೆ ಎಂದರೆ ಪೇಜ್‌ಮೇಕರ್ ಹುಟ್ಟಿದ್ದೇ ಮೆಕಿಂತಾಶ್ ಮೇಲೆ, 1985ರಲ್ಲಿ. ತವರು ಮ್ಯಾಕ್, ಬಾಳುತ್ತಿರುವುದು ನಮ್ಮೂರ ವಿಂಡೋಸ್ ಡಬ್ಬದಲ್ಲಿ. ಆ ಫೈಲಿನ ಅಕ್ಷರಗಳನ್ನು ನನ್ನ ಲ್ಯಾಪ್‌ಟಾಪಿಗೆ ತಂದರೆ 'ಕನ್ನಡ' ಎಂಬ ಪದ ಹೀಗೆ ಕಾಣುತ್ತದೆ: ಇಂಗ್ಲಿಷಿನ ಪಿ, ತಲೆ ಮೇಲೆ ಓರೆ ಗೆರೆ ಎಳೆದುಕೊಂಡ ಎ, ಪೌಂಡ್ ಗುರುತು, ಮತ್ತೆ ಓರೆ ಗೆರೆಯ ಎ, ಜರ್ಮನರ ಒಂದು ಅಕ್ಷರ, ಕ್ಯೂ, ಇನ್ನೊಂದು ಎ. ನಾನು ಯೂನಿಕೋಡಿನಲ್ಲಿ ಕಳಿಸಿದ್ದು ಅವರಲ್ಲಿ ಚೌಕಚೌಕ. ನಡುವೆ ಪರಿವರ್ತಕ ತಂತ್ರಾಂಶ ಇದೆ, ಅದು ಅರ್ಕಾವತ್ತು ಕಂಡಲ್ಲಿ ಒಮ್ಮೊಮ್ಮೆ ತಡವರಿಸುತ್ತದೆ.

ಮಾಲೀಕರಿಗೆ "ಹೊಸದಕ್ಕೆ ಬದಲಾಯಿಸಬಾರದಾ?" ಎಂದರೆ ಬೀರುವಿನ ಕಡೆ ನೋಡುತ್ತಾರೆ. ಊರಿನ ಎಷ್ಟೋ ವರ್ಷಗಳ ಲಗ್ನಪತ್ರಿಕೆ, ಗೃಹಪ್ರವೇಶ, ಜಾತ್ರೆಯ ಪಾಂಪ್ಲೆಟ್ಟು ಎಲ್ಲ ಆ ಮಾದರಿಯಲ್ಲೇ ಇವೆ. ಹೆಸರು ತಾರೀಕು ಬದಲಾಯಿಸಿದರೆ ಹೊಸ ಪತ್ರಿಕೆ ತಯಾರು. ಮ್ಯಾಕಿನ ಪರದೆ ಎಷ್ಟೇ ಚೆಂದ ಇದ್ದರೂ, ಲಿನಕ್ಸ್ ಎಷ್ಟೇ ಪುಕ್ಕಟೆಯಾದರೂ ಈ ಬೀರುವಿನ ಮುಂದೆ ನಿಲ್ಲುವುದಿಲ್ಲ. ಇಂಟರ್ನೆಟ್ ಕೊಟ್ಟರೆ ಕೆಡುತ್ತದೆಂದು ಆ ಡಬ್ಬಕ್ಕೆ ವೈರನ್ನೇ ಕೊಟ್ಟಿಲ್ಲ. ಅಪ್‌ಡೇಟ್ ಕಾಟವೂ ಇಲ್ಲ.

ಈಚೆಗೆ ಮನೆಯ ಒಂದು ಕಾರ್ಯಕ್ರಮಕ್ಕೆ ಅಲ್ಲೇ ಪತ್ರಿಕೆ ಮಾಡಿಸಿದೆವು. ಪ್ರೂಫ್ ಕಳಿಸಿ ಎಂದರೆ ಮಾಲೀಕರು ಪರದೆಯನ್ನೇ ಫೋನಿನಲ್ಲಿ ಫೋಟೋ ಹೊಡೆದು ವಾಟ್ಸ್ಆಪ್ ಮಾಡಿದರು. ಆ ಫೋಟೋ ತಂಗಿಯ ಮ್ಯಾಕಿನಲ್ಲಿ ತೆರೆಯಿತು, ಭಾವನ ವಿಂಡೋಸ್‌ನಲ್ಲಿ ತೆರೆಯಿತು, ನನ್ನ ಲಿನಕ್ಸ್‌ನಲ್ಲೂ ತೆರೆಯಿತು. ಹೆಚ್, ಎಫ್, ವಿ ಎಂದು ಒತ್ತಬೇಕಾದಲ್ಲಿ ಯಾರೋ ವಿ, ಎಫ್, ಹೆಚ್ ಒತ್ತಿದ್ದರು. ದಪ್ಪಕ್ಷರದ ಆ 'ಆವ್ಹಾನ ಪತ್ರಿಕೆ' ಮೂರರಲ್ಲೂ ಒಂದೇ ಥರ ಕಂಡಿತು.